ಹನ್ನೊಂದು ಶಾರ್ಟ್‌ಕಟ್

‘ನಿಮ್ಮ ಕೈಗೆ ಏನು ಸಲೀಸಾಗಿ ಬರುತ್ತದೋ ಅದನ್ನೇ ಕೊಡಿ’ ಎಂದು ಹೇಳಿದ್ದು ಅವರೇ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಯಾಕೆಂದರೆ ಆಮೇಲೆ ನಡೆದ ವಿಚಾರಣೆಯಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಈ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರಿಗೆ ಚೆನ್ನಾಗಿ ನೆನಪಿತ್ತು.

ನಾನು ದ್ರಾಕ್ಷಾಯಣಿ. ಗದಗಿನ ಹೊರಗೆ ಮುಳಗುಂದ ರಸ್ತೆಯಲ್ಲಿ ಗಾಳಿಯಿಂದ ಕರೆಂಟು ಮಾಡುವ ಕಂಪನಿಯೊಂದರ ನಿಯಂತ್ರಣ ಕೊಠಡಿ ಇದೆ. ಗುಡ್ಡಗಳ ಮೇಲೆ ತಿರುಗುವ ಮುನ್ನೂರ ಹತ್ತು ಗಾಳಿಯಂತ್ರಗಳನ್ನು ಅಲ್ಲಿ ಕುಳಿತೇ ನೋಡಿಕೊಳ್ಳುತ್ತೇವೆ. ನಮ್ಮ ಕಡೆ ಅವಕ್ಕೆ ಫ್ಯಾನ್ ಎಂದೇ ಹೆಸರು. ಯಾವ ಫ್ಯಾನಿನ ಬೇರಿಂಗ್ ಬಿಸಿಯಾಗಿದೆ, ಯಾವುದರ ರೆಕ್ಕೆಯನ್ನು ಗಾಳಿಗೆ ಎಷ್ಟು ಓರೆ ಮಾಡಬೇಕು, ಯಾವುದನ್ನು ನಿಲ್ಲಿಸಬೇಕು, ಇದೇ ನಮ್ಮ ದಿನಪೂರ್ತಿಯ ಕೆಲಸ. ನಾನು ಸೇರಿದಾಗ ಕೀಬೋರ್ಡ್ ಇತ್ತು. ಪ್ರತಿಯೊಬ್ಬರೂ ತಮ್ಮ ತಮ್ಮ ಶಾರ್ಟ್‌ಕಟ್ ಹೊಂದಿಸಿಕೊಳ್ಳುತ್ತಿದ್ದೆವು. ಎಫ್ ನಾಲ್ಕು ಒತ್ತಿದರೆ ನನಗೆ ಕ್ಯಾಮೆರಾ, ಪಕ್ಕದವಳಿಗೆ ಅಲಾರಂ. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತರೆ ಗದ್ದಲವೋ ಗದ್ದಲ.

ನಾಲ್ಕು ವರ್ಷದ ಹಿಂದೆ ಕೀಬೋರ್ಡ್ ಹೋಗಿ ಪಟ್ಟಿ ಬಂತು. ಎರಡೂ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಮೆತ್ತನೆಯ ಪಟ್ಟಿ. ಬೆರಳು ಅಲ್ಲಾಡಿಸಬೇಕೆಂದು ಮಿದುಳು ಕಳಿಸಿದ ಮಿಡಿತವನ್ನು ಅದು ನರದಲ್ಲೇ ಓದುತ್ತದೆ. ಬೆರಳು ಪೂರ್ತಿ ಅಲ್ಲಾಡುವ ಮೊದಲೇ ಗುಡ್ಡದ ಮೇಲಿನ ಫ್ಯಾನಿಗೆ ಆಜ್ಞೆ ಹೋಗಿರುತ್ತದೆ. ಓದುವುದಷ್ಟೇ ಅಲ್ಲ, ನರಕ್ಕೆ ಸಣ್ಣ ಮಿಡಿತ ವಾಪಸು ಕೊಟ್ಟು ಕೈಗೆ ಕಲಿಸಲೂ ಅದಕ್ಕೆ ಬರುತ್ತದೆ. ಹೊಂದಿಸುವುದು ಬಲು ಸುಲಭ. ಪರದೆಯ ಎಡಗಡೆ ಆಜ್ಞೆಗಳ ಸಾಲು. ‘ಶಾರ್ಟ್‌ಕಟ್ ಬದಲಿಸಿ’ ಎಂಬುದನ್ನು ಒತ್ತಿ, ನಿಮಗೆ ಬೇಕಾದ ಸನ್ನೆಯನ್ನು ಮೂರು ಸಲ ಮಾಡಿದರೆ ಮುಗಿಯಿತು.

ಆವತ್ತು ತರಬೇತಿಗೆ ಬಂದಿದ್ದ ಕಂಪನಿಯ ಎಂಜಿನಿಯರ್ ಪ್ರದ್ಯುಮ್ನ ಹೇಳಿದ ಮಾತೇ ಆ ಮೊದಲ ಸಾಲು. ಹೊಸದಾಗಿ ಏನನ್ನೂ ಕಲಿಯಬೇಡಿ, ಕೈಗೆ ಆಗಲೇ ಬರುವುದನ್ನು ಕೊಟ್ಟರೆ ವೇಗ ಹೆಚ್ಚು ಎಂದ. ನಾವು ಏಳೂ ಜನ ಹೇಳಿದ್ದನ್ನು ಕೇಳುವ ಜನ. ನಮ್ಮ ಪಾಳಿಯ ಮುಖ್ಯಸ್ಥ ದ್ಯಾಮಣ್ಣ ಅಂಗೈಯಲ್ಲಿ ತಂಬಾಕು ತಿಕ್ಕುವ ಸನ್ನೆ ಕೊಟ್ಟ. ಅವನು ತಿಕ್ಕಿದರೆ ಅಲಾರಂ ಬಾಯಿ ಮುಚ್ಚುತ್ತಿತ್ತು. ಮನೆಯಲ್ಲಿ ಹೂ ಕಟ್ಟುವ ಶಿವಲೀಲಾ ಮಾಲೆಗೆ ಗಂಟು ಹಾಕುವ ಸನ್ನೆ ಕೊಟ್ಟಳು. ನಾನು ನನ್ನ ಮಗಳ ಮಾತು ಕೊಟ್ಟೆ.

ಮಗಳ ಹೆಸರು ಇಂಚರ. ನಗಬೇಡಿ. ತೊಟ್ಟಿಲಿಗೆ ಹಾಕಿ ಹೆಸರಿಟ್ಟಾಗ ಅವಳಿಗೆ ಕಿವಿಯ ನರವೇ ಇಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ. ಯಂತ್ರ ಕೂಡಿಸಿದರೂ ಉಪಯೋಗವಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ಮೇಲೆ ನಾನೂ ಮಗಳೂ ಕೈಯಲ್ಲಿ ಮಾತಾಡಲು ಶುರು ಮಾಡಿದೆವು. ಆಮೇಲೆ ಅವಳು ಶಾಲೆಯಲ್ಲಿ ಎಲ್ಲರೂ ಆಡುವ ಸನ್ನೆ ಭಾಷೆ ಕಲಿತಳು, ನಾನೂ ಅಷ್ಟಿಷ್ಟು ಕಲಿತೆ. ಆದರೆ ಅದು ನನ್ನ ಕೈಯಲ್ಲಿ ತಡವರಿಸುತ್ತದೆ. ಮನೆಯ ಮಾತು ಬೇರೆ. ಐದೂ ಬೆರಳು ಬಿಡಿಸಿ ಫಕ್ಕನೆ ಮುಷ್ಟಿ ಕಟ್ಟಿದರೆ ‘ನಿಲ್ಲು’. ಬೆರಳುಗಳನ್ನು ಅರ್ಧ ಬಾಗಿಸಿ ಎಳೆದರೆ ‘ಬಾ’. ಅವಳ ಎಡಗಲ್ಲದಲ್ಲಿ ಗುಳಿ ಬೀಳುತ್ತದೆ. ಆ ಗುಳಿಯಲ್ಲಿ ತೋರುಬೆರಳು ತಿರುಗಿಸಿದಂತೆ ಮಾಡಿದರೆ ಅದೇ ಅವಳ ಹೆಸರು. ಅವಳು ಎರಡು ವರ್ಷದವಳಿದ್ದಾಗ ನಾನಿಟ್ಟ ಎರಡನೇ ಹೆಸರು ಅದು.

ಹನ್ನೊಂದು ಆಜ್ಞೆಗೆ ಹನ್ನೊಂದು ಸನ್ನೆ. ‘ನಿಲ್ಲು’ ಎಂದರೆ ಒಂದು ಫ್ಯಾನ್ ನಿಲ್ಲುತ್ತಿತ್ತು. ‘ಬಾ’ ಎಂದರೆ ಕ್ಯಾಮೆರಾ ಹತ್ತಿರ ಬರುತ್ತಿತ್ತು. ‘ಮಲಗು’ ಎಂದರೆ ರೆಕ್ಕೆ ಗಾಳಿ ಬಿಟ್ಟು ಓರೆಯಾಗುತ್ತಿತ್ತು. ಇಡೀ ಗುಡ್ಡದ ಸಾಲನ್ನು ಒಮ್ಮೆಗೇ ನಿಲ್ಲಿಸುವ ತುರ್ತು ಆಜ್ಞೆಗೆ ಮಗಳ ಹೆಸರು ಕೊಟ್ಟೆ. ಗಾಬರಿಯಾದಾಗ ನನ್ನ ಕೈ ಎಲ್ಲಕ್ಕಿಂತ ಬೇಗ ಆಡುವ ಮಾತು ಅದೇ. ಪ್ರದ್ಯುಮ್ನ ನನ್ನ ವೇಗ ನೋಡಿ, ‘ಮೇಡಂ, ಹನ್ನೆರಡು ಕೇಂದ್ರದಲ್ಲಿ ಇಷ್ಟು ಫಾಸ್ಟ್ ಯಾರೂ ಇಲ್ಲ’ ಎಂದು ಚಪ್ಪಾಳೆ ತಟ್ಟಿದ. ನನಗೂ ಹೆಮ್ಮೆಯಾಯಿತು. ಮನೆಯ ಮಾತನ್ನು ಕಚೇರಿಯ ಯಂತ್ರಕ್ಕೆ ಹಾಕಿಟ್ಟ ಮೂರ್ಖಳು ನಾನೇ, ಇಲ್ಲ ಎನ್ನುವುದಿಲ್ಲ.

ಮೂರೂವರೆ ವರ್ಷ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಇಂಚರ ವಿಡಿಯೋ ಕರೆ ಮಾಡಿದಳು. ಅಲ್ಲಾಡುತ್ತಿದ್ದ ಹಲ್ಲು ಬಿದ್ದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಪರದೆಗೆ ಹಿಡಿದಳು. ಖುಷಿಗೆ ಮೈಮರೆತು ಪಟ್ಟಿ ಬಿಚ್ಚದೆ ಅವಳ ಹೆಸರು ಕರೆದೆ. ಗುಡ್ಡದ ಮೇಲೆ ಒಂದು ಸಾಲಿನ ನಲವತ್ತೆರಡೂ ಫ್ಯಾನುಗಳು ನಿಂತುಹೋದವು.

‘ಏ ದ್ರಾಕ್ಷಾಯಣಿ! ಏನ್ ಮಾಡಿದಿ ಬೇ!’ ಎಂದು ದ್ಯಾಮಣ್ಣ ಕುರ್ಚಿಯಿಂದ ಹಾರಿದ. ನಾಲ್ಕು ನಿಮಿಷದಲ್ಲಿ ಎಲ್ಲವೂ ಮತ್ತೆ ತಿರುಗಿದವು. ಯಾರಿಗೂ ಏನೂ ಆಗಲಿಲ್ಲ, ಯಾವ ಊರಿನ ದೀಪವೂ ಆರಲಿಲ್ಲ. ನಾನು ತಪ್ಪು ಒಪ್ಪಿಕೊಂಡೆ. ಆ ಒಂದು ಸನ್ನೆ ಬದಲಿಸುತ್ತೇನೆ, ಊಟದ ಹೊತ್ತಿಗೆ ಪಟ್ಟಿ ಬಿಚ್ಚಿಡುತ್ತೇನೆ ಎಂದು ಬರೆದುಕೊಟ್ಟೆ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಸಲು ಅವರಿಗೆ ಮನಸ್ಸಿರಲಿಲ್ಲ. ವಿಚಾರಣೆ ಮುಗಿಯುವ ತನಕ ಯಾವ ಸನ್ನೆಯನ್ನೂ ಬದಲಿಸಬೇಡಿ ಎಂದರು. ಎರಡು ತಿಂಗಳಲ್ಲಿ ‘ಏಕರೂಪ’ ಎಂಬ ಹೊಸ ಆವೃತ್ತಿ ಬಂತು. ಇನ್ನು ಮುಂದೆ ಹನ್ನೆರಡೂ ಕೇಂದ್ರದಲ್ಲಿ ಎಲ್ಲರಿಗೂ ಒಂದೇ ಶಾರ್ಟ್‌ಕಟ್. ಬದಲಿಸುವ ಕಿಟಕಿಗೆ ಬೀಗ. ಹಳೆಯ ಸನ್ನೆ ಕೈಯಲ್ಲಿ ಉಳಿದುಕೊಂಡರೆ ಹೊಸದರ ಜೊತೆ ಕಲಸುಮೇಲೋಗರ ಆಗುತ್ತದೆ ಎಂದು ಅದನ್ನೂ ಅಳಿಸುವ ಏರ್ಪಾಡು ಮಾಡಿದ್ದರು. ಕೈ ಹಳೆಯ ಸನ್ನೆಯನ್ನು ಶುರು ಮಾಡಿದ ಕೂಡಲೇ ಪಟ್ಟಿ ನರಕ್ಕೆ ಎದುರು ಮಿಡಿತ ಕೊಡುತ್ತದೆ. ಜುಮ್ ಎಂದು ಸಣ್ಣದಾಗಿ ಅನ್ನಿಸುತ್ತದೆ, ಅಷ್ಟೇ, ನೋವಿಲ್ಲ. ದಿನಕ್ಕೆ ಎರಡು ಗಂಟೆ, ಇಪ್ಪತ್ತೊಂದು ದಿನ. ಆಮೇಲೆ ಪಟ್ಟಿ ಇಲ್ಲದಿದ್ದರೂ ನರವೇ ಆ ದಾರಿಯಲ್ಲಿ ಹೋಗಲು ಹೆದರುತ್ತದೆ. ‘ಶಾರ್ಟ್‌ಕಟ್ ಮಾತ್ರ ಹೋಗುತ್ತೆ ಮೇಡಂ, ಬೇರೇನೂ ಆಗಲ್ಲ’ ಎಂದ ಪ್ರದ್ಯುಮ್ನ. ಪರದೆಯ ಮೇಲೆ ‘ಒಪ್ಪಿಗೆ’ ಎಂಬ ಒಂದೇ ಗುಂಡಿ ಇತ್ತು. ಒತ್ತದಿದ್ದರೆ ಪಾಳಿ ತೆರೆಯುತ್ತಿರಲಿಲ್ಲ. ಒತ್ತಿದೆ.

ಹದಿನೈದನೇ ದಿನ ಇರಬೇಕು. ಬೆಟಗೇರಿಯ ನಮ್ಮ ಮನೆಯಲ್ಲಿ ಸಂಜೆ ರೊಟ್ಟಿ ತಟ್ಟುತ್ತಿದ್ದೆ. ಇಂಚರ ಪಡಸಾಲೆಯಲ್ಲಿ ಬಣ್ಣದ ಪೆನ್ಸಿಲ್ ಹರವಿಕೊಂಡು ಕೂತಿದ್ದಳು. ಬಿಸಿ ರೊಟ್ಟಿ ತಿನ್ನು ಬಾ ಎಂದು ಕರೆಯಲು ನೆಲಕ್ಕೆ ಕಾಲು ಬಡಿದೆ. ನೆಲ ನಡುಗಿದರೆ ಅವಳು ತಿರುಗಿ ನೋಡುತ್ತಾಳೆ. ತಿರುಗಿದಳು. ಹೆಸರು ಕರೆಯಲು ಬೆರಳೆತ್ತಿದೆ. ಬೆರಳು ಅರ್ಧಕ್ಕೆ ನಿಂತು ನಡುಗಿ ಕೆಳಗಿಳಿಯಿತು. ಕೈಗೆ ಜೋಮು ಹಿಡಿದಿರಬೇಕು ಎಂದುಕೊಂಡು ಹಿಟ್ಟು ಕೊಡವಿ ಮತ್ತೆ ಎತ್ತಿದೆ. ಮತ್ತೆ ಹಾಗೆಯೇ ಆಯಿತು. ಎಡಗೈ ಎತ್ತಿದೆ. ಅದಕ್ಕೂ ಪಟ್ಟಿ ಕಟ್ಟಿದ್ದರಲ್ಲ, ಅದೂ ಬರಲಿಲ್ಲ.

‘ಊಟ’ ಬರಲಿಲ್ಲ. ‘ಮಲಗು’ ಬರಲಿಲ್ಲ. ‘ಅವ್ವ ಇಲ್ಲೇ ಐದಾಳ’ ಎಂಬುದಕ್ಕೆ ನಾವು ಮಾಡುತ್ತಿದ್ದ ಸನ್ನೆ ಬರಲಿಲ್ಲ. ಕೊಟ್ಟ ಹನ್ನೊಂದರಲ್ಲಿ ಒಂದೂ ಇರಲಿಲ್ಲ. ಅವನ್ನು ಹೋಲುವ ಬೇರೆ ಮಾತುಗಳೂ ತೊದಲುತ್ತಿದ್ದವು. ಶಾಲೆಯ ಭಾಷೆಯಲ್ಲಿ ಏನೋ ಹೇಳಲು ಹೋದೆ, ಅದೂ ಅಲ್ಲಲ್ಲಿ ಕಡಿದುಹೋಯಿತು. ಇಂಚರ ಪೆನ್ಸಿಲ್ ಇಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು.

‘ಸಿಟ್ಟು ಬಂದೈತೇನು?’ ಎಂದು ಕೈಯಲ್ಲಿ ಕೇಳಿದಳು. ‘ಮಾತು ಬಿಟ್ಟೀಯೇನು ನನ್ನ ಕೂಡ?’

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮತ್ತೆ ಹೇಗೆ ಹೇಳಲಿ? ಅವಳನ್ನು ತಬ್ಬಿಕೊಂಡೆ, ಅತ್ತೆ. ನಮ್ಮ ಮನೆಯವರು, ಗವಿಸಿದ್ದಪ್ಪ, ಸ್ಕೂಟರ್ ಗ್ಯಾರೇಜಿನಿಂದ ಬಂದಾಗ ರೊಟ್ಟಿ ಹೆಂಚಿನ ಮೇಲೆ ಹೊತ್ತಿ ಮನೆ ತುಂಬ ಹೊಗೆ. ‘ಏನಾತ? ಯಾಕ್ ಅಳಾಕತ್ತೀರಿ ಇಬ್ರೂ?’ ಎಂದು ಅವರು ನನ್ನ ಮುಖ, ಅವಳ ಮುಖ ನೋಡುತ್ತ ನಿಂತರು.

ಮರುದಿನ ದ್ಯಾಮಣ್ಣನಿಗೆ ಹೇಳಿದೆ. ಅವನು ಅಂಗೈ ನೋಡಿಕೊಂಡು, ‘ನಂಗೂ ತಂಬಾಕ ತಿಕ್ಕಾಕ ಬರವಲ್ದವಾ. ಮನ್ಯಾಕಿ ಕಂಪನಿಗೆ ಕೈ ಮುಗಿಯಾಕತ್ಯಾಳ’ ಎಂದು ನಗಾಡಿದ. ನಗು ಅರ್ಧಕ್ಕೇ ನಿಂತಿತು. ಶಿವಲೀಲಾ ನಗಲಿಲ್ಲ. ಅವಳ ಮನೆಯಲ್ಲಿ ಹೂ ಕಟ್ಟುವುದು ಈಗ ಅತ್ತೆಯೊಬ್ಬಳೇ. ಉಳಿದ ಆರು ದಿನದ ಅಳಿಸುವಿಕೆಗೆ ನಾನು ಬರುವುದಿಲ್ಲ ಎಂದು ಬರೆದುಕೊಟ್ಟೆ. ‘ಅರ್ಧಕ್ಕೆ ಬಿಟ್ಟರೆ ಅಡ್ಡಪರಿಣಾಮಕ್ಕೆ ಕಂಪನಿ ಹೊಣೆಯಲ್ಲ’ ಎಂದು ಉತ್ತರ ಬಂತು. ಪೂರ್ತಿ ಮಾಡಿದರೆ ಹೊಣೆ ಹೊರುತ್ತೀರಾ ಎಂದು ಕೇಳಿದೆ. ಅದಕ್ಕೆ ಉತ್ತರವೇ ಇಲ್ಲ. ಇವರ ಬಾಯಿಗೆ ಮಣ್ಣು ಹಾಕ ಎಂದು ಬೈದುಕೊಂಡೆ.

ಆ ಗುರುವಾರದ ಮಾತು ಬರೆಯಲು ಇಷ್ಟವಿಲ್ಲ, ಬರೆಯದಿದ್ದರೆ ಸಿಟ್ಟು ಆರುವುದಿಲ್ಲ. ಶಾಲೆಯ ವ್ಯಾನು ಇಂಚರಳನ್ನು ನಮ್ಮ ಮನೆಯ ಎದುರಿನ ರಸ್ತೆಯ ಆಚೆ ಬದಿಗೆ ಇಳಿಸುತ್ತದೆ. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಅವಳಿಗೆ ಹಾರ್ನ್ ಕೇಳದು. ಅದಕ್ಕೇ ಅವಳು ರಸ್ತೆಯನ್ನು ನೋಡುವುದಿಲ್ಲ, ಈಚೆ ಬದಿಗೆ ನಿಂತ ನನ್ನ ಕೈಯನ್ನು ನೋಡುತ್ತಾಳೆ. ನನ್ನ ಕೈ ‘ನಿಲ್ಲು’ ಎಂದರೆ ನಿಲ್ಲುತ್ತಾಳೆ, ‘ಬಾ’ ಎಂದರೆ ದಾಟುತ್ತಾಳೆ. ಐದು ವರ್ಷದಿಂದ ಒಂದು ದಿನವೂ ತಪ್ಪಿಲ್ಲ.

ಕೈ ಕೈಕೊಟ್ಟ ಮೇಲೆ ಎರಡು ದಿನ ನಾನೇ ಆಚೆ ಬದಿಗೆ ಹೋಗಿ ನಿಂತು ಕರೆತಂದಿದ್ದೆ. ಮೂರನೇ ದಿನ ವ್ಯಾನು ಹತ್ತು ನಿಮಿಷ ಮುಂಚೆ ಬಂತು. ನಾನು ಇನ್ನೂ ಈಚೆ ಬದಿಯಲ್ಲೇ ಇದ್ದೆ. ಅವಳು ಇಳಿದು, ರೂಢಿಯಂತೆ ನನ್ನ ಕೈ ನೋಡಿದಳು. ಬಲಗಡೆಯಿಂದ ಸರಕು ತುಂಬಿದ ಗಾಡಿಯೊಂದು ಬರುತ್ತಿತ್ತು. ಗಾಬರಿಯಲ್ಲಿ ಯೋಚನೆ ಎಲ್ಲಿಂದ ಬರಬೇಕು? ‘ನಿಲ್ಲು’ ಎನ್ನಲು ಕೈಯೆತ್ತಿದೆ. ಐದೂ ಬೆರಳು ಬಿಚ್ಚಿದವು, ಮುಷ್ಟಿ ಕಟ್ಟಲು ಬಾಗಿದವು, ಅರ್ಧಕ್ಕೆ ಜುಮ್ ಎಂದು ಅಲ್ಲೇ ನಿಂತವು.

ಅರ್ಧ ಬಾಗಿದ ಬೆರಳು ಎಂದರೆ ‘ಬಾ’. ಅವಳು ಬಂದಳು.

ಗಾಡಿಯವನು ಬ್ರೇಕ್ ಹಾಕಿದ ಪುಣ್ಯಾತ್ಮ. ಗಾಡಿ ಓರೆಯಾಗಿ ತಗುಲಿ ಅವಳ ಎಡಗೈ ಮೂಳೆ ಎರಡು ಕಡೆ ಮುರಿಯಿತು. ‘ಜೀವ ಉಳೀತಲ್ಲ, ದೊಡ್ಡದು’ ಎಂದರು ಸೇರಿದ ಜನ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಮಲಗಿಸಿದ ಮೇಲೆ, ಉಳಿದಿದ್ದ ಬಲಗೈಯಿಂದ ಅವಳು ನನಗೆ ಹೇಳಿದ್ದು ಒಂದೇ ಮಾತು.

‘ನೀನ ಬಾ ಅಂದಿ.’

ನಾನು ಬಾ ಅನ್ನಲಿಲ್ಲ ಕಂದಾ ಎಂದು ಹೇಳಲೂ ನನಗೆ ಕೈ ಬರಲಿಲ್ಲ. ಚೀಟಿಯಲ್ಲಿ ಬರೆದು ತೋರಿಸಿದೆ. ಓದಿ ಮುಖ ಆಚೆ ತಿರುಗಿಸಿದಳು. ಒಂಬತ್ತು ವರ್ಷದ ಕೂಸಿಗೆ ತಾಯಿಯ ಕೈಗಿಂತ ಚೀಟಿ ಯಾಕೆ ಹೆಚ್ಚಾದೀತು?

ಸೋಮವಾರ ಬೆಳಗ್ಗೆ ಕಂಟ್ರೋಲ್ ರೂಮಿಗೆ ಹೋದವಳೇ ಮುಖ್ಯ ಕಚೇರಿಗೆ ಕರೆ ಹಚ್ಚಿಸಿದೆ. ದೊಡ್ಡ ಪರದೆಯಲ್ಲಿ ಪ್ರದ್ಯುಮ್ನ ಬಂದ. ಎಲ್ಲ ಹೇಳಿದೆ. ಅವನ ಮುಖ ಸಣ್ಣದಾಯಿತು, ಅದೂ ಸುಳ್ಳಲ್ಲ.

‘ತುಂಬಾ ಬೇಜಾರಾಯ್ತು ಮೇಡಂ. ಆದ್ರೆ ಮನೇಲಿ ಬಳಸೋ ಸನ್ನೆಗಳನ್ನ ಇಲ್ಲಿಗೆ ಕೊಡಬಾರದಿತ್ತು ನೀವು.’

‘ಯಾರ್ ಹೇಳಿದ್ರು ಕೊಡ್ರಿ ಅಂತ? ಕೈಗೆ ಬರೂದನ್ನ ಕೊಡ್ರಿ ಅಂದವ್ರು ಯಾರು? ಚಪ್ಪಾಳಿ ಬಡದವ್ರು ಯಾರ್ರೀ?’

‘ಅದು ಜನರಲ್ ಆಗಿ ಹೇಳಿದ್ದು.’

‘ಆತು ಬಿಡ್ರಿ, ತಪ್ಪು ನಂದ. ಈಗ ತಿರುಗಿ ಹಾಕ್ರಿ. ಅಳಸಾಕ ಬರ್ತೈತಿ ಅಂದಮ್ಯಾಲೆ ಹಾಕಾಕೂ ಬರಬೇಕಲ್ಲ?’

‘ಬರುತ್ತೆ. ನಿಮ್ಮ ಸನ್ನೆಗಳ ಹಳೇ ನಕ್ಷೆ ನಮ್ಮ ಹತ್ರ ಇದೆ. ಹನ್ನೊಂದೂ ಇದೆ. ಅದನ್ನ ಲೋಡ್ ಮಾಡಿದ್ರೆ ಪಟ್ಟಿ ಎದುರು ಮಿಡಿತ ನಿಲ್ಲಿಸಿ, ಕಲಿಸೋ ಮಿಡಿತ ಕೊಡುತ್ತೆ. ಎರಡು ಮೂರು ವಾರದಲ್ಲಿ ವಾಪಸು ಬರಬಹುದು.’ ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಅವನು ಮುಂದುವರಿಸಿದ. ‘ಆದ್ರೆ ಪಾಲಿಸಿ ಬಿಡಲ್ಲ ಮೇಡಂ. ನಕ್ಷೆ ಕಂಪನಿಯ ಸ್ವತ್ತು. ಸ್ವಂತ ಶಾರ್ಟ್‌ಕಟ್ ಯಾರ ಕೈಗೂ ಹಾಕೋ ಹಾಗಿಲ್ಲ. ಈ ತಿಂಗಳ ಕೊನೆಗೆ ಹಳೇ ನಕ್ಷೆ ಎಲ್ಲ ಡಿಲೀಟ್ ಆಗುತ್ತೆ, ನಿಮ್ಮ ಖಾಸಗಿತನ ಕಾಪಾಡೋಕೆ.’

ಬಾಯಿಗೆ ಬಂದಂತೆ ಬೈದೆ. ‘ನನ್ನ ಮಗಳ ಹೆಸರು ನಿಮ್ಮ ಸ್ವತ್ತಾ? ನಾ ಆಕಿಗೆ ಎರಡು ವರ್ಷ ಇದ್ದಾಗ ಇಟ್ಟ ಹೆಸರು, ಅದನ್ನ ಕಸ ಮಾಡಿ ಬಿಸಾಕ್ತೀರಿ, ಅದೂ ನನ್ನ ಮರ್ಯಾದಿ ಕಾಯಾಕ? ನಿಮ್ಮ ನಾಲಿಗಿ ಕಡದ್ ಇಟ್ಕೊಂಡು, ನಾಲಿಗಿ ನಮ್ಮ ಸ್ವತ್ತು ಅಂತ ಯಾರರ ಅಂದ್ರ ಸುಮ್ನ ಇರ್ತೀರೇನ್ರೀ?’ ‘ಮೇಲಿನವರಿಗೆ ಬರೀತೀನಿ ಮೇಡಂ’ ಎಂದು ಕರೆ ಕಡಿದ. ಬರೆದನೋ ಇಲ್ಲವೋ ಆ ದೇವರಿಗೇ ಗೊತ್ತು. ನಾನಂತೂ ಒಂಬತ್ತು ಪತ್ರ ಬರೆದೆ. ಒಂಬತ್ತಕ್ಕೂ ‘ನಿಮ್ಮ ಮನವಿ ಸ್ವೀಕೃತವಾಗಿದೆ’ ಎಂಬ ಒಂದೇ ಉತ್ತರ.

ದಾರಿ ತೋರಿಸಿದ್ದು ದ್ಯಾಮಣ್ಣ. ಅವನಿಗೆ ನಿವೃತ್ತಿಗೆ ಒಂದೇ ವರ್ಷ ಇತ್ತು. ಒಂದು ಮಧ್ಯಾಹ್ನ ಚಹಾದ ಹೊತ್ತಿಗೆ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತ.

‘ಹೊಸಬರು ಬಂದಾಗ ಕೈಪಾಠ ಅಂತ ಮಾಡ್ತೀವಲ್ಲ, ನೆಪ್ಪೈತಿ? ಬಲ್ಲವರ ಕೈಗೆ ಒಂದು ಪಟ್ಟಿ, ಕಲಿಯವ್ರ ಕೈಗೆ ಒಂದು. ಇವ್ರ ಕೈ ಹೆಂಗ ಆಡ್ತೈತೋ ಹಂಗ ಅವ್ರ ಕೈಗೆ ಮಿಡಿತ ಹೋಗ್ತೈತಿ. ಅದರ ಕೀಲಿ ನನ್ನ ಕಡೆನ ಐತಿ. ಅದಕ್ಕ ಕಂಪನಿ ನಕ್ಷೆ ಬ್ಯಾಡ. ಬಲ್ಲವರ ಕೈ ಬೇಕು.’

‘ಬಲ್ಲವರು ಯಾರದಾರಣ್ಣ? ನನ್ನ ಕೈಯಿಂದನ ಹೋಗೇತಿ.’

‘ಏ ಹುಚ್ಚಿ. ನೀ ಯಾರ ಕೂಡ ಮಾತಾಡ್ತಿದ್ದಿ? ಗ್ವಾಡಿ ಕೂಡೇನು?’

ಆಗ ನನಗೆ ಹೊಳೆಯಿತು. ಇಂಚರಳ ಬಲಗೈ ಗಟ್ಟಿಯಾಗಿತ್ತು. ಹನ್ನೊಂದಲ್ಲ, ನಮ್ಮ ಮನೆಯ ಇಡೀ ಮಾತು ಅದರಲ್ಲಿತ್ತು. ‘ಸಿಕ್ಕರ ನಿನ್ನ ನೌಕರಿ ಹೋಕ್ಕೈತಲ್ಲೋ ಅಣ್ಣಾ’ ಎಂದೆ. ‘ಹೋಗ್ಲಿ ಬಿಡವಾ. ಅದರವ್ವನ, ಒಂದ್ ಚೀಟಿ ತಂಬಾಕ ತಿಕ್ಕಾಕ ಬಿಡಲಿಲ್ಲ ಈ ಮಂದಿ’ ಎಂದ.

ಕೈ ಮುರಿದಿದ್ದರಿಂದ ಅವಳಿಗೆ ಶಾಲೆ ಇರಲಿಲ್ಲ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಮನೆಯವರು ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದರು. ನನ್ನ ಫ್ಯಾನುಗಳನ್ನು ಶಿವಲೀಲಾ ತನ್ನ ಪರದೆಗೆ ಹಾಕಿಕೊಂಡು ನೋಡುತ್ತಿದ್ದಳು. ಮೂಲೆಯ ಮೇಜಿನಲ್ಲಿ ನಾವಿಬ್ಬರೂ ಎದುರುಬದುರು. ದ್ಯಾಮಣ್ಣ ಇಂಚರಳ ಸಣ್ಣ ಮಣಿಕಟ್ಟಿಗೆ ಪಟ್ಟಿಯನ್ನು ಎರಡು ಸುತ್ತು ಹಾಕಿ ಕಟ್ಟಿದ. ನಡೆದದ್ದೇನೆಂದು ಅವನೇ ಪರದೆಯ ಮೇಲೆ ಚಿತ್ರ ತೋರಿಸಿ ಅವಳಿಗೆ ತಿಳಿಸಿದ. ಪಟ್ಟಿ, ನರ, ಅರ್ಧಕ್ಕೆ ನಿಂತ ಬೆರಳು, ಎಲ್ಲವನ್ನೂ ತೋರಿಸಿದ. ಅವಳು ಎರಡು ಸಲ ನೋಡಿ, ನನ್ನ ಬಲಗೈ ಎತ್ತಿಕೊಂಡು ಹಿಂದೆಮುಂದೆ ತಿರುಗಿಸಿ ಪರೀಕ್ಷೆ ಮಾಡಿದಳು. ಆವತ್ತಿನಿಂದ ನನ್ನ ಮೇಲಿನ ಮುನಿಸು ಹೋಯಿತು. ಅದು ಪಟ್ಟಿಯ ಮೇಲೆ ತಿರುಗಿತು.

ಅಂಥ ಮಾಸ್ತರ್ ಬಾಯಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಯಾವುದರಿಂದ ಶುರು ಮಾಡೋಣ ಎಂದು ಚೀಟಿಯಲ್ಲಿ ಕೇಳಿದೆ. ನಿನ್ನ ಹೆಸರು ಮೊದಲು ಎಂದೂ ಬರೆದೆ. ಅವಳು ಚೀಟಿ ಆಚೆ ಸರಿಸಿ ‘ನಿಲ್ಲು’ ಹಿಡಿದಳು. ಅವಳ ಬೆರಳು ಬಿಚ್ಚಿ ಮಡಚಿದಂತೆ ನನ್ನ ನರದಲ್ಲಿ ಮಿಡಿತ ಹರಿಯುತ್ತಿತ್ತು. ಅರ್ಧಕ್ಕೆ ಬಂದಾಗ ಹಳೆಯ ಹೆದರಿಕೆ ಎದ್ದು ಕೈ ಹಿಂದೆ ಸರಿಯುತ್ತಿತ್ತು. ಅವಳು ಮತ್ತೆ ಮಾಡುತ್ತಿದ್ದಳು. ನೂರು ಸಲ, ಇನ್ನೂರು ಸಲ. ನಾನು ಸಾಕು ಎಂದು ಕೈ ಜಾಡಿಸಿದರೆ ಮೊಣಕೈಗೆ ಒಂದು ಏಟು. ಮೂರನೇ ದಿನ ಮುಷ್ಟಿ ಪೂರ್ತಿ ಕಟ್ಟಿತು. ಶಿವಲೀಲಾ ಅಲ್ಲಿಂದಲೇ ‘ಬಂತಲ್ಲಬೇ!’ ಎಂದು ಕೂಗಿದಳು. ಇಂಚರ ಒಪ್ಪಲಿಲ್ಲ. ‘ಇನ್ನೊಂದು ಸಲ’ ಎಂದಳು.

ಆಮೇಲೆ ‘ಬಾ’, ‘ಊಟ’, ‘ಮಲಗು’ ಬಂದವು. ‘ಅವ್ವ ಇಲ್ಲೇ ಐದಾಳ’ ಬಂದ ದಿನ ಮನೆಗೆ ಹೋಗಿ ರಾತ್ರಿ ಊಟದ ತನಕ ಅದೊಂದನ್ನೇ ಅವಳಿಗೆ ಹೇಳುತ್ತಿದ್ದೆ. ಅವಳಿಗೆ ಬೇಸರ ಬಂದು, ‘ಗೊತ್ತಾತು, ಇಲ್ಲೇ ಇದ್ದಿ, ಕಾಣಾಕತ್ತೈತಿ’ ಎಂದು ನನ್ನ ಕೈ ಹಿಡಿದು ಕೆಳಗಿಳಿಸಿದಳು. ಹೆಸರು ಯಾವಾಗ ಕಲಿಸುತ್ತೀ ಎಂದು ಕೇಳಿದರೆ ಕಡೆಗೆ ಎನ್ನುತ್ತಿದ್ದಳು. ಯಾಕೆ ಎಂದರೆ, ‘ನೀ ಹೆಸರು ಕರೀದಿದ್ರೂ ನಾ ಬರ್ತೀನಲ್ಲ. ಉಳಿದವು ಮೊದಲು’ ಎಂದಳು. ಬರೀ ಒಂಬತ್ತು ವರ್ಷ ರೀ ಅವಳಿಗೆ. ಅದನ್ನು ಕೇಳಿ ನನಗೆ ಕಂಪನಿಯ ಮೇಲೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಸಣ್ಣ ಹುಡುಗಿ ಇಷ್ಟು ದೊಡ್ಡ ಲೆಕ್ಕ ಹಾಕುವ ಹಾಗೆ ಮಾಡಿಟ್ಟರಲ್ಲ.

ಹನ್ನೆರಡನೇ ದಿನ ಹತ್ತು ಮಾತು ಬಂದಿದ್ದವು. ಉಳಿದದ್ದು ಹೆಸರೊಂದೇ. ಇಂಚರ ತನ್ನ ತೋರುಬೆರಳನ್ನು ಗಲ್ಲದ ಹತ್ತಿರ ತಂದು ಒಮ್ಮೆ ತಿರುಗಿಸಿದಳು. ಅದೇ ಹೊತ್ತಿಗೆ ದೊಡ್ಡ ಪರದೆ ತಾನಾಗಿಯೇ ಹೊತ್ತಿಕೊಂಡಿತು. ಪ್ರದ್ಯುಮ್ನ.

‘ದ್ಯಾಮಣ್ಣ, ಹನ್ನೆರಡು ದಿನದಿಂದ ಕೈಪಾಠ ಓಡ್ತಾ ಇದೆ. ಹೊಸಬರು ಯಾರೂ ಸೇರಿಲ್ವಲ್ಲ? ಆ ಮಗು ಯಾರು? ಒಳಗೆ ಹೇಗೆ ಬಿಟ್ರಿ?’

ದ್ಯಾಮಣ್ಣ ಎದ್ದು ನಿಂತ. ‘ಮಾಸ್ತರ್ ಬಾಯಾರು ಬಂದಾರ್ರಿ ಸರ್. ಭಾರಿ ಕಟ್ಟುನಿಟ್ಟ ಅದಾರ. ಗದ್ದಲ ಮಾಡಬ್ಯಾಡ್ರಿ’ ಎಂದ.

‘ತಮಾಷೆ ಬೇಡ. ದ್ರಾಕ್ಷಾಯಣಿ ಮೇಡಂ, ದಯವಿಟ್ಟು ಪಟ್ಟಿ ಬಿಚ್ಚಿ. ಇಲ್ಲಾಂದ್ರೆ ಇಲ್ಲಿಂದಲೇ ಲಾಕ್ ಮಾಡ್ಬೇಕಾಗುತ್ತೆ. ಮೇಲಿನವರು ಪಕ್ಕದಲ್ಲೇ ಕೂತಿದ್ದಾರೆ.’

ಇಂಚರಳಿಗೆ ಅವನ ಮಾತು ಕೇಳದು, ನಮ್ಮ ಮುಖ ಕಾಣುತ್ತದೆ. ಏನಂತೆ ಎಂದು ಹುಬ್ಬು ಹಾರಿಸಿದಳು. ನಾನು ಕೈಯಲ್ಲಿ ಹೇಳಿದೆ. ಅಷ್ಟುದ್ದದ ಮಾತು ಕೈಯಲ್ಲಿ ಆಡಿ ಎಷ್ಟು ದಿನವಾಗಿತ್ತೋ. ‘ನಿಲ್ಲಸು ಅಂತಾನ. ಪಟ್ಟಿ ಬಂದ್ ಮಾಡ್ತಾನಂತ.’

ಅವಳು ಪರದೆಯ ಮೇಲಿನ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಮೇಲೆ ಅವನ ಕಡೆಗೇ ತಿರುಗಿ ಕೈಯಾಡಿಸಿದಳು. ನಾನು ಬಾಯಿಬಿಟ್ಟು ಜೋರಾಗಿ ಹೇಳಿದೆ. ‘ಕೇಳ್ರಿ, ನನ್ನ ಮಗಳು ಹೇಳಾಕತ್ಯಾಳ. ನಮ್ಮವ್ವಗ ಇನ್ನೂ ಒಂದು ಮಾತು ಬರಬೇಕು. ಅಲ್ಲಿ ಮಟ ಕಾಯ್ರಿ ಅಂತಾಳ.’

‘ಯಾವ ಮಾತು?’ ಅವನು ಕೇಳಿದ, ಕೇಳಿದವನೇ ಪಕ್ಕಕ್ಕೆ ನೋಡಿದ.

‘ಆಕಿ ಹೆಸರು.’

ಪರದೆಯಲ್ಲಿ ಅವನ ಬಾಯಿ ಅಲ್ಲಾಡಿತು. ಧ್ವನಿ ಬರಲಿಲ್ಲ, ಆ ಬದಿಯಲ್ಲಿ ಯಾರೋ ಧ್ವನಿ ಮುಚ್ಚಿದ್ದರು. ಅವನು ತಲೆ ತಗ್ಗಿಸಿ ಏನನ್ನೋ ಒತ್ತಿದ. ನನ್ನ ಮಣಿಕಟ್ಟಿನ ಮೇಲಿದ್ದ ಹಸಿರು ದೀಪ ಆರಿತು. ಇಂಚರಳದ್ದೂ ಆರಿತು. ದೊಡ್ಡ ಪರದೆ ಕಪ್ಪಾಯಿತು.

ನಾನು ಎದ್ದುನಿಂತು ಆ ಕಪ್ಪು ಪರದೆಗೆ ಬೈದೆ. ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದು ಗೊತ್ತಿದ್ದೂ ಬೈದೆ. ಇಪ್ಪತ್ತು ನಿಮಿಷ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಶಿವಲೀಲಾ ಬಂದು ಭುಜ ಹಿಡಿದಳು. ದ್ಯಾಮಣ್ಣ ತನ್ನ ಕೀಲಿಯನ್ನು ನಾಲ್ಕು ಸಲ ಹಾಕಿ ನೋಡಿದ, ತೆರೆಯಲಿಲ್ಲ. ನನ್ನ ಪಾಳಿಯ ಪರದೆಯ ಮೇಲೆ ‘ನಿಮ್ಮನ್ನು ಕೆಲಸದಿಂದ ಅಮಾನತು ಮಾಡಲಾಗಿದೆ’ ಎಂದು ಬಂತು. ಅದರ ಬಗ್ಗೆ ನನಗೇನೂ ಅನ್ನಿಸಲಿಲ್ಲ.

ಇಂಚರ ನನ್ನ ಸೆರಗು ಜಗ್ಗಿದಳು. ನಾನು ದೀಪ ಆರಿದ ಪಟ್ಟಿ ತೋರಿಸಿ, ಮುಗೀತು, ಇನ್ನು ಬರೂದಿಲ್ಲ ಎಂದೆ. ಅವಳು ತನ್ನ ಕೈಯ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ ಮೇಜಿನ ಮೇಲೆ ಬಿಸಾಕಿದಳು. ನನ್ನವೆರಡನ್ನೂ ಬಿಚ್ಚಿದಳು. ನನ್ನ ತೋರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಎಡಗಲ್ಲದ ಗುಳಿಗೆ ಒತ್ತಿ ತಿರುಗಿಸಿದಳು. ಬೆರಳು ಜುಮ್ ಎಂದು ಹಿಂದೆ ಸರಿಯಿತು. ಮತ್ತೆ ಹಿಡಿದಳು, ಮತ್ತೆ ಸರಿಯಿತು.

‘ಪಟ್ಟಿ ಇಲ್ಲದ ಆಗೂದಿಲ್ಲವಾ’ ಎಂದೆ.

ಅವಳಿಗೆ ಸಿಟ್ಟು ಬಂತು. ನನ್ನ ಬೆರಳು ಬಿಟ್ಟು, ಇದ್ದ ಒಂದೇ ಕೈಯಿಂದ ಬಿರಬಿರನೆ ಕೇಳಿದಳು.

‘ನೀ ನನಗ ಕಲಸುವಾಗ ಪಟ್ಟಿ ಇತ್ತೇನು?’

ಇರಲಿಲ್ಲ ಎಂದೆ.

‘ಹಂಗಾರ ಕುಂದ್ರು’ ಎಂದಳು.